ತಾನಾಗಿ ನೀರು ಕುಡಿಯುವ ಮಷೀನು

ಸಾಯಣ್ಣ ಮಕ್ತಲ್‌ಗೆ ಬರುವುದೇ ಅಪರೂಪ. ಬಂದರೆ ಹಬ್ಬಕ್ಕೆ, ಇಲ್ಲವೇ ಸಾವಿಗೆ. ಹಾಗಾಗಿ ಒಂದು ಮಂಗಳವಾರ ಬೆಳಗ್ಗೆ ತನ್ನ ಮೋಟಾರು ರಿಪೇರಿ ಅಂಗಡಿಯ ಮುಂದೆ ಅಕ್ಕನ ಗಂಡನಾದ ಈ ಮಾಮ ಆಟೋದಿಂದ ಇಳಿಯುವುದನ್ನು ಕಂಡಾಗ ಭೀಮಶಂಕರ್ ಸುತ್ತುತ್ತಿದ್ದ ತಾಮ್ರದ ತಂತಿಯನ್ನು ಅಲ್ಲೇ ಬಿಟ್ಟು ಎದ್ದ.

"ಅಕ್ಕ ಆರಾಮ ಅದಾಳಿಲ್ಲೋ ಮಾಮ?"

"ಆಕಿಗೇನಾಗೇತಿ, ಗುಂಡುಕಲ್ಲಿದ್ದಂಗ ಅದಾಳ." ಸಾಯಣ್ಣ ಚೀಲದಿಂದ ಟವೆಲ್ಲಿನ ಗಂಟೊಂದನ್ನು ತೆಗೆದು ಬೆಂಚಿನ ಮೇಲೆ ಬಿಚ್ಚಿದ. "ಇದನ್ನ ನೋಡು."

ಹೀಟರ್ ಕಾಯಿಲು. ಕರ್ರಗೆ ಸುಟ್ಟು, ಮೂರು ಕಡೆ ಸೀಳಿ, ಒಣಗಿದ ಹಾವಿನ ಹಾಗೆ ಬಿದ್ದಿತ್ತು. ನೀರಿಲ್ಲದೆ ಉರಿದರೆ ಮಾತ್ರ ಕಾಯಿಲು ಹೀಗಾಗುವುದೆಂದು ಭೀಮಶಂಕರನಿಗೆ ಯಾರೂ ಹೇಳಬೇಕಿರಲಿಲ್ಲ.

"ನೀರು ಮುಗಿದಿತ್ತು?"

"ಮುಗಿದಿತ್ತು."

"ನೀ ಇದ್ದಾಗ?"

"ನಾ ಇದ್ದಾಗನ."

ಸಾಯಣ್ಣ ಗದ್ವಾಲದ ಸುರೇಂದರ್ ಸೇಟಿನ ಹೋಟೆಲಿನಲ್ಲಿ ಮೂವತ್ತೊಂದು ವರ್ಷದಿಂದ ಕಾಫಿ ಮಷೀನಿನ ಮುಂದೆ ನಿಂತವನು. ಅದು ಈಗಿನ ಮಷೀನಲ್ಲ. ಸೇಟಿನ ಅಪ್ಪ ಹೈದರಾಬಾದಿನ ಯಾವುದೋ ಕ್ಲಬ್ಬಿನ ಹರಾಜಿನಲ್ಲಿ ಹಿಡಿದು ತಂದ ಇಟಲಿಯ ಮಾಲು. ಹೊಟ್ಟೆಯಲ್ಲಿ ತಾಮ್ರದ ಬಾಯ್ಲರು, ಮುಂದೆ ಎರಡು ಉದ್ದದ ಹಿಡಿಕೆ, ಎಡಪಕ್ಕೆಯಲ್ಲಿ ಬೆರಳು ದಪ್ಪದ ಗಾಜಿನ ಕೊಳವೆ. ಬಾಯ್ಲರಿನಲ್ಲಿ ನೀರು ಎಷ್ಟಿದೆಯೆಂದು ಆ ಗಾಜೇ ಹೇಳಬೇಕು. ನೀರು ಕೆಳಗಿಳಿದರೆ ಹೀಟರ್ ಆರಿಸಿ, ಉಗಿ ಬಿಟ್ಟು, ಒತ್ತಡ ಇಳಿಸಿ, ಮೇಲಿನ ಡ್ರಮ್ಮಿನ ನಲ್ಲಿ ತಿರುಗಿಸಿ ತುಂಬಿಸಬೇಕು. ದಿನಕ್ಕೆ ನಾಲ್ಕು ಸಲ. ಮೂವತ್ತೊಂದು ವರ್ಷದಲ್ಲಿ ಸಾಯಣ್ಣ ಒಮ್ಮೆಯೂ ಮರೆತವನಲ್ಲ. ತಾನು ಊಟ ಮಾಡುವುದನ್ನು ಮರೆತಾನು, ಮಷೀನಿಗೆ ನೀರು ಕುಡಿಸುವುದನ್ನು ಮರೆಯುವವನಲ್ಲ ಎಂದು ಅಕ್ಕ ಪೆಂಟಮ್ಮ ಆಡಿಕೊಳ್ಳುತ್ತಿದ್ದಳು.

"ಗಾಜಿನ್ಯಾಗ ನೀರು ಕಂಡಂಗಾತು ಭೀಮಾ. ಐತಿ ಅನಕೊಂಡೆ."

ಹಾಗೆನ್ನುತ್ತ ಅವನು ಕೂರಲು ಸ್ಟೂಲು ಹುಡುಕಿದ. ಸ್ಟೂಲು ಕಾಲಿನ ಪಕ್ಕದಲ್ಲೇ ಇತ್ತು. ಅವನ ಕೈ ಮಾತ್ರ ಗಾಳಿಯಲ್ಲಿ ತಡಕಾಡಿತು. ಭೀಮಶಂಕರನಿಗೆ ಆಗ ಗೊತ್ತಾಯಿತು.

"ಯಾವಾಗಿಂದ ಮಾಮ?"

"ಹೋದ ದೀಪಾವಳಿಯಿಂದ. ರಾಯಚೂರಾಗ ತೋರಿಸೇನಿ. ಕಾಲಾ ಮೋತಿಯಾ ಅಂತ, ಕಣ್ಣಿನ ನರ ಒಣಗೂ ರೋಗ. ಹೋದದ್ದು ವಾಪಸ್ ಬರಂಗಿಲ್ಲ, ಉಳಿದದ್ದಾದರೂ ಉಳೀಲಿ ಅಂತ ಹನಿ ಕೊಟ್ಟಾರ." ದನಿ ತಗ್ಗಿಸಿ ಹೇಳಿದ, "ಅಕ್ಕನ ಮುಂದ ಅನಬ್ಯಾಡ. ಸೇಟಿಗಂತೂ ಬ್ಯಾಡೇ ಬ್ಯಾಡ. ಕಾಯಿಲ್ ಹಳೇದಾಗಿತ್ತು, ಸುಡ್ತು ಅಂತ ಹೇಳೇನಿ. ಇನ್ನೊಮ್ಮೆ ಸುಟ್ರ ಆತ ನಂಬಂಗಿಲ್ಲ."

ಉಳಿದದ್ದೆಲ್ಲ ಕೈಗೆ ಗೊತ್ತಿದೆ ಎಂದ. ಹಿಡಿಕೆ ಎಷ್ಟು ಎಳೆಯಬೇಕು, ಪುಡಿ ಎಷ್ಟು ಒತ್ತಬೇಕು, ಹಾಲು ಯಾವಾಗ ಉಕ್ಕುತ್ತದೆ, ಅದಕ್ಕೆಲ್ಲ ಕಣ್ಣು ಬೇಕಿಲ್ಲ. ಆ ಗಾಜೊಂದೇ ಮೋಸ ಮಾಡುತ್ತದೆ. "ನೀ ನೀರಿನ ಟಾಕಿಗಳಿಗೆ ಆಟೋಮ್ಯಾಟಿಕ್ ಮಾಡ್ತೀಯಲ್ಲ, ನೀರು ಮುಗಿದ್ರ ಪಂಪ್ ತಾನಾ ಚಾಲೂ ಆಗೂದು? ಹಂಗ ಇದಕ್ಕೂ ಮಾಡಾಕ ಬರತೈತೇನು?"

ಬರುತ್ತದೋ ಇಲ್ಲವೋ ಎಂದು ಭೀಮಶಂಕರ್ ಯೋಚಿಸಲಿಲ್ಲ. ಕುರಿ ಹಿಂಡಿನ ಜೊತೆ ರಸ್ತೆ ದಾಟುತ್ತಿದ್ದ ಅವನ ಅಪ್ಪ ಅವ್ವ ಲಾರಿಗೆ ಸಿಕ್ಕಾಗ ಅವನಿಗೆ ಒಂಬತ್ತು ವರ್ಷ. ಆ ವಾರವೇ ಸಾಯಣ್ಣ ಬಂದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ವಾಲಕ್ಕೆ ಕರೆದೊಯ್ದಿದ್ದ, ಓದಿಸಿದ್ದ, ಕೆಲಸ ಕಲಿಯಲು ಹಾಕಿದ್ದ.

"ಬರತೈತಿ," ಎಂದ.

ಹೇಳಿದಷ್ಟು ಸುಲಭವಿರಲಿಲ್ಲ. ಮನೆಯ ಮೇಲಿನ ಟಾಕಿಯಲ್ಲಿ ನೀರು ಸುಮ್ಮನಿರುತ್ತದೆ. ಬಾಯ್ಲರಿನಲ್ಲಿ ಕುದಿಯುತ್ತದೆ, ಉಗಿ ಒಳಗಿಂದ ಒದೆಯುತ್ತದೆ. ಹೊಸ ನೀರು ಆ ಒತ್ತಡದ ಎದುರು ನುಗ್ಗಬೇಕು, ಹಿಂದಕ್ಕೆ ಬರಬಾರದು. ಪಂಪಿನ ಚಿಂತೆ ಬೇಗ ಬಗೆಹರಿಯಿತು. ಕುಡಿಯುವ ನೀರು ಸೋಸುವ ಮಷೀನಿನ ಪುಟ್ಟ ಪಂಪೇ ಸಾಕಾಗುವಷ್ಟು ಗಟ್ಟಿಯಾಗಿ ತಳ್ಳುತ್ತಿತ್ತು. ಬಿಸಿ ತಡೆಯುವ ಹಿತ್ತಾಳೆಯ ವಾಲ್ವಿಗಾಗಿ ಅವನು ನಾರಾಯಣಪೇಟೆಗೆ ಹೋದ. ಅಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಶರಣಬಸವ ಎಂಬ ಹಳೆಯ ಗಿರಾಕಿ ತನ್ನ ಸಣ್ಣ ಬಾಯ್ಲರನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು.

"ಬಿಚ್ಚಿಕೊಂಡು ಹೋಗಪ್ಪ," ಎಂದ ಶರಣಬಸವ. "ನನ್ನ ಬಾಯ್ಲರ್ ಅಂತೂ ಸತ್ತೈತಿ, ಅದರ ಗುಂಡಿಗಿಯಾದ್ರೂ ಇನ್ನೊಂದಕ್ಕ ಹತ್ತಲಿ. ಆದರ ನೀರು ನೋಡ್ಕೋ. ನಮ್ಮ ಕಡಿ ನೀರು ಸುಣ್ಣದ ನೀರು. ನೀರಿನ ಮಟ್ಟ ತಿಳಿಸೂ ಒಳಗಿನ ಸರಳಿಗೆ ಸುಣ್ಣ ಹತ್ತಿದ್ರ ನೀರು ಇದ್ರೂ ಇಲ್ಲ ಅಂತೈತಿ."

ಹೋಟೆಲಿಗೆ ರಜೆಯಿದ್ದ ಒಂದು ಸೋಮವಾರ ಭೀಮಶಂಕರ್ ಸಾಮಾನು ಹೊತ್ತು ಗದ್ವಾಲಕ್ಕೆ ಹೋದ. ಕಾಯಿಲು ಸುಡದಿರಲಿ ಎಂದು ಇದನ್ನು ಹಾಕುವುದಾಗಿ ಸಾಯಣ್ಣ ಸೇಟಿಗೆ ಮೊದಲೇ ಹೇಳಿ ಒಪ್ಪಿಸಿದ್ದ. ಕೈ ನೆರವಿಗೆ ರಜಿತಾ ಇದ್ದಳು. ವಡ್ಡೆಪಲ್ಲಿಯ ಹೆಂಗಸು, ಮೂವತ್ತರ ಆಸುಪಾಸು. ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಅವಳೂ ಎಂಟನೇ ಕ್ಲಾಸಿನ ಮಗಳು ಶಿರೀಷಾಳೂ ಇಬ್ಬರೇ. ಟಾರ್ಚು ಹಿಡಿದು ನಿಂತವಳು ಸುಮ್ಮನೆ ನಿಲ್ಲಲಿಲ್ಲ.

"ಅಣ್ಣಾ, ಈ ಸರಳು ಯಾಕ?"

"ನೀರು ಇದನ್ನ ಮುಟ್ಟಿದ್ರ ಪಂಪು ನಿಂದರತೈತಿ. ಬಿಟ್ರ ಚಾಲೂ ಆಕೈತಿ."

"ಆ ಉದ್ದಂದು?"

"ಅದನ್ನೂ ಬಿಟ್ಟು ನೀರು ಕೆಳಗ ಹೋತಂದ್ರ ಹೀಟರ್ ಬಂದ್, ಕೆಂಪು ದೀಪ ಹತ್ತತೈತಿ. ಕಾಯಿಲ್ ಸುಡೂದೇ ಇಲ್ಲ."

ಮೊದಲ ಸಲ ಕುದಿ ಬಂದಾಗ ಎಲ್ಲ ಹಾಳಾಯಿತು. ಕುದಿಯುವ ನೀರು ಸರಳಿಗೆ ತಾಗುತ್ತ ಬಿಡುತ್ತ ಪಂಪು ಹುಚ್ಚು ಹಿಡಿದಂತೆ ಟಕಟಕ ಎನ್ನತೊಡಗಿತು. ಭೀಮಶಂಕರ್ ಬೆವರು ಒರೆಸಿಕೊಂಡು ಸರ್ಕ್ಯೂಟ್ ಬಿಚ್ಚಿದ. ನೀರು ಸರಳನ್ನು ಬಿಟ್ಟು ಐದು ಸೆಕೆಂಡು ಕಳೆದರೆ ಮಾತ್ರ ಪಂಪು ಏಳುವಂತೆ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಮಷೀನು ದಾರಿಗೆ ಬಂತು. ಸಾಯಣ್ಣ ಒಂದರ ಹಿಂದೊಂದು ಹತ್ತು ಕಾಫಿ ಇಳಿಸಿದ. ಹನ್ನೊಂದನೆಯದಕ್ಕೆ ಪಂಪು ತಾನಾಗಿ ಗುಂಯ್ ಎಂದಿತು, ಒಂದಿಷ್ಟು ನೀರು ತಳ್ಳಿತು, ನಿಂತಿತು. ಹಸಿರು ದೀಪ ಹತ್ತಿತು. ಸಾಯಣ್ಣ ಬಾಯ್ಲರಿನ ಮೇಲಿನ ತಗಡಿಗೆ ಅಂಗೈ ಇಟ್ಟು ಕೂಸಿನ ಹೊಟ್ಟೆ ಮುಟ್ಟಿದವನಂತೆ ನಿಂತ.

"ಕುಡೀತು," ಎಂದ. "ತಾನಾ ಕುಡೀತು ನೋಡ ಭೀಮಾ."

ಜೇಬಿನಿಂದ ಬೀರಪ್ಪನ ಭಂಡಾರದ ಪೊಟ್ಟಣ ತೆಗೆದು, ತಡವರಿಸಿ ಪಂಪನ್ನು ಹುಡುಕಿ, ಅದಕ್ಕೂ ಒಂದು ಅರಿಶಿನದ ಬೊಟ್ಟು ಇಟ್ಟ. ಆಮೇಲೆ ಭೀಮಶಂಕರನ ತಲೆ ಸವರಿದ. ಆ ಕೈ ತಲೆಯ ಮೇಲೆ ಬೀಳದೆ ಎಷ್ಟು ವರ್ಷವಾಗಿತ್ತೋ!

ಗಲ್ಲಾದ ಹತ್ತಿರ ನಿಂತು ನೋಡುತ್ತಿದ್ದ ಸುರೇಂದರ್ ಸೇಟು ಮುಂದೆ ಬಂದ. ಅವನೇನೂ ಕೆಟ್ಟವನಲ್ಲ. ನಗುನಗುತ್ತಲೇ ಕೇಳಿದ, "ಹಂಗಂದ್ರ ಇನ್ನ ಇದನ್ನ ಯಾರಾದ್ರೂ ನಡಸಬೋದೇನಪ್ಪ?"

ಭೀಮಶಂಕರ್ ಆಗ ಹಿಗ್ಗಿನಲ್ಲಿದ್ದ. ಆ ಊರಿನಲ್ಲಿ, ಆ ಜಿಲ್ಲೆಯಲ್ಲೇ, ಅಂಥ ಕೆಲಸ ಯಾರೂ ಮಾಡಿರಲಿಲ್ಲ.

"ಯಾರಾದ್ರೂ ನಡಸಬೋದು ಸೇಟು," ಎಂದ. "ಸಣ್ಣ ಕೂಸಾದ್ರೂ ಸೈ."

ಏಳು ವಾರ ಎಲ್ಲ ಸರಿಯಿತ್ತು. ಎಂಟನೆಯ ವಾರ, ಜನ ತುಂಬಿದ್ದ ಒಂದು ಬೆಳಗ್ಗೆ, ಗಿರಾಕಿಯೊಬ್ಬ ಗ್ಲಾಸನ್ನು ಇಡುವಲ್ಲಿ ಇಡದೆ ಒಂದು ಗೇಣು ಆಚೆ ಹಿಡಿದ. ಸಾಯಣ್ಣ ಬಿಸಿ ಹಾಲನ್ನು ದಿನಾ ಹೊಯ್ಯುವ ಜಾಗದಲ್ಲೇ ಹೊಯ್ದ. ಹಾಲು ಕಟ್ಟೆಯ ಮೇಲಿಂದ ಹರಿದು ಗಿರಾಕಿಯ ಕಾಲ ಮೇಲೆ ಬಿತ್ತು. ಸುಟ್ಟದ್ದು ದೊಡ್ಡ ಗಾಯವಲ್ಲ. ಆದರೆ ಸೇಟು ಹತ್ತಿರ ಬಂದು ಸಾಯಣ್ಣನ ಕಣ್ಣ ಮುಂದೆ ಕೈ ಆಡಿಸಿದ. ಸಾಯಣ್ಣ ರೆಪ್ಪೆ ಬಡಿಯಲಿಲ್ಲ.

ಸೇಟು ಬೈಯಲಿಲ್ಲ. ಒಳಗೆ ಕರೆದು ಕೂರಿಸಿ ಹೇಳಿದನಂತೆ: "ಮಷೀನು ತಾನಾ ನೀರು ತಗೋತೈತಿ, ಹೀಟರ್ ತಾನಾ ನೋಡ್ಕೊಂತೈತಿ. ಈ ಕಣ್ಣಾಗ ನಿನಗ್ಯಾಕ ಪರೇಶಾನಿ? ಮನ್ಯಾಗ ಆರಾಮ ಇರು." ಮರುದಿನ ಹಿಡಿಕೆ ರಜಿತಾಳ ಕೈಗೆ ಬಂತು.

ಪೆಂಟಮ್ಮ ಫೋನು ಮಾಡಿದಳು. ಗಂಡನ ಕಣ್ಣಿನ ವಿಷಯ ಅವಳಿಗೂ ಗೊತ್ತಾದದ್ದು ಅವತ್ತೇ.

"ನೀ ಏನು ಮಾಡಿಟ್ಟಿಯೋ ತಮ್ಮಾ! ಆ ಗಾಜು ನೋಡಾಕಾದ್ರೂ ಒಬ್ಬ ಬೇಕಾಗಿತ್ತು ಸೇಟಿಗೆ. ನಾ ಹೋಗಿ ಪಕ್ಕಕ ನಿಂತು ನೋಡ್ತಿದ್ದೆ. ಒಂದು ಮಾತು ನನಗ ಹೇಳಬಾರದಾಗಿತ್ತಾ?"

ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸುವುದು ಅವನಿಗಾಗಲಿ ಮಾಮನಿಗಾಗಲಿ ಕನಸಿನಲ್ಲೂ ಹೊಳೆದಿರಲಿಲ್ಲ.

ಗಂಡ ಹೆಂಡತಿ ಗದ್ವಾಲದ ಬಾಡಿಗೆ ಕೋಣೆ ಬಿಟ್ಟು ಇಟಿಕ್ಯಾಲದ ಹತ್ತಿರದ ಹಳ್ಳಿಗೆ, ಸಾಯಣ್ಣನ ಅಣ್ಣನ ಹಿತ್ತಿಲ ಕೋಣೆಗೆ ಹೋದರು. ಎರಡು ವಾರಕ್ಕೊಮ್ಮೆ ಭೀಮಶಂಕರ್ ಹೋಗಿ ನೋಡಿ ಬರುತ್ತಿದ್ದ. ಹೋದಾಗಲೆಲ್ಲ ಸಾಯಣ್ಣ ಒಂದು ಹಿಡಿ ಸಣ್ಣಗಾದಂತೆ ಕಾಣುತ್ತಿದ್ದ. ಗದ್ವಾಲದಲ್ಲಿ ನೂರು ಜನರ ದನಿ ಗುರುತು ಹಿಡಿದು ಯಾರಿಗೆ ಸಕ್ಕರೆ ಕಡಿಮೆ, ಯಾರಿಗೆ ಕಡಕ್ ಎಂದು ಕೇಳದೆಯೇ ಕೊಡುತ್ತಿದ್ದವನು. ಈ ಹಳ್ಳಿಯಲ್ಲಿ ಮಾತನಾಡಿಸಲು ಬಂದವರೂ "ಯಾರು?" ಎಂದು ಅವನು ಕೇಳಿದಾಗ ಮುಜುಗರಪಟ್ಟು ಎದ್ದು ಹೋಗುತ್ತಿದ್ದರು. ಹನಿ ಹಾಕಲು ಪೆಂಟಮ್ಮ ಬಂದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ.

"ಇನ್ನ ಏನು ನೋಡಾಕ ಇವು?" ಎನ್ನುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ರಜಿತಾಳ ಫೋನು ಬಂತು. ಕೆಂಪು ದೀಪ ಹತ್ತಿದೆ, ಮಷೀನು ಕಾಯುತ್ತಿಲ್ಲ ಎಂದಳು. ಭೀಮಶಂಕರ್ ಹೋಗಿ ಸರಳುಗಳನ್ನು ಹೊರತೆಗೆದ. ಶರಣಬಸವ ಹೇಳಿದ ಹಾಗೆಯೇ ಬೆಳ್ಳಗೆ ಸುಣ್ಣ ಕಟ್ಟಿತ್ತು. ಅದನ್ನು ಉಜ್ಜಿ ತೆಗೆದು ಮತ್ತೆ ಕೂರಿಸಿ ಸ್ವಿಚ್ಚು ಹಾಕಿದ. ಹಸಿರು ದೀಪ ಬಂತು. ಹತ್ತು ನಿಮಿಷದ ಕೆಲಸ.

ಸ್ಪಾನರನ್ನು ಚೀಲಕ್ಕೆ ಹಾಕುವ ಮೊದಲು ಅವನ ಕಣ್ಣು ರಜಿತಾ ನಿಂತ ಜಾಗದ ಮೇಲೆ ಬಿತ್ತು. ಅಲ್ಲಿ ನೆಲದ ಕಲ್ಲು ಎರಡು ಪಾದದಗಲ ಸವೆದಿತ್ತು. ಯಾರ ಕಾಲು ಸವೆಸಿದ್ದು ಅದು? ಅವನು ಮತ್ತೆ ಬಗ್ಗಿದ. ಉದ್ದದ ಸರಳಿನ ತಂತಿಯನ್ನು ಸ್ಕ್ರೂ ಕೆಳಗಿಂದ ಎಳೆದು, ಕಂಡರೂ ಕಾಣದ ಹಾಗೆ ಪಕ್ಕಕ್ಕೆ ಸರಿಸಿ, ಮುಚ್ಚಳ ಹಾಕಿದ. ಕೆಂಪು ದೀಪ ಹತ್ತಿತು.

"ಸೇಟು, ಇದು ಈ ನೀರಿಗೆ ನಡಿಯಂಗಿಲ್ಲ," ಎಂದ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ತಿಂಗಳಿಗೊಮ್ಮೆ ಹಿಂಗ ಕೈ ಕೊಡತೈತಿ. ತೆಗೆದು ಹಾಕಿ ಮೊದಲಿನಂಗ ಕೈಲೇ ನೀರು ತುಂಬೂದು ಛಲೋ. ಅದಕ್ಕ ಪಳಗಿದ ಕೈ ಬೇಕು. ಮಾಮನ್ನ ಕರಸ್ರಿ. ಗಾಜು ಈಕಿ ನೋಡ್ಲಿ, ಉಳಿದದ್ದು ಆತ ಸಂಭಾಳಸ್ತಾನ. ಇಬ್ಬರೂ ಇರ್ಲಿ."

ಸೇಟು ಗಡ್ಡ ತುರಿಸಿಕೊಂಡ. "ನೋಡೂಣು," ಎಂದ.

ರಜಿತಾ ಅವನನ್ನು ಬಾಗಿಲವರೆಗೆ ಕಳಿಸಲು ಬಂದವಳಂತೆ ಬಂದು, ತಗ್ಗಿದ ದನಿಯಲ್ಲಿ ಕೇಳಿದಳು, "ಅಣ್ಣಾ, ಸುಣ್ಣ ತೆಗೆದಿಂದ ಹಸರು ಲೈಟ್ ಬಂದಿತ್ತಲ್ಲ?"

"ಒಮ್ಮೊಮ್ಮೆ ಹಂಗ ತೋರಸತೈತಿ."

ಅವಳು ಅವನ ಮುಖ ನೋಡಿದಳು, ಅಷ್ಟೆ. "ಸಾಯಣ್ಣ ಕಾಕಾ ಬಂದ್ರ ನನಗೂ ಖುಷಿನೇ ಅಣ್ಣಾ. ಆದರ ನನ್ನ ಮತ್ತ ಗ್ಲಾಸಿಗೆ ಕಳಿಸಬ್ಯಾಡ ಅಂತ ಸೇಟಿಗೆ ಒಂದು ಮಾತು ಹೇಳ್ರಿ," ಎಂದು ಒಳಗೆ ಹೋದಳು.

ಆ ಸಂಜೆಯೇ ಭೀಮಶಂಕರ್ ಹಳ್ಳಿಗೆ ಹೋಗಿ, ಸೇಟು ಕರೆಯುತ್ತಾನೆ, ತಯಾರಿರು ಎಂದು ಮಾಮನಿಗೆ ಹೇಳಿದ. ಸಾಯಣ್ಣ ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಗೂಟದ ಮೇಲಿನ ಅಂಗಿ ತೆಗೆದು ಪೆಂಟಮ್ಮನ ಕೈಗೆ ಕೊಟ್ಟು, ಇಸ್ತ್ರಿ ಮಾಡಿಸು ಎಂದ. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದನೆಂದು ಪೆಂಟಮ್ಮ ಮರುದಿನ ಫೋನಿನಲ್ಲಿ ಅತ್ತಳು. ಹನಿ ಹಾಕಿಸಿಕೊಂಡನಂತೆ.

ಒಂದು ದಿನ, ಎರಡು ದಿನ, ನಾಲ್ಕು ದಿನ. ಸೇಟಿನ ಫೋನು ಬರಲಿಲ್ಲ. ಭೀಮಶಂಕರ್ ತಾನೇ ಮಾಡಿದರೆ ಎತ್ತಲಿಲ್ಲ. ಒಂಬತ್ತನೆಯ ದಿನ ಅಂಗಡಿಗೆ ಬೀಗ ಹಾಕಿ, ಜೂರಾಲ ಡ್ಯಾಮಿನ ಮೇಲೆ ಹಾದುಹೋಗುವ ಬಸ್ಸು ಹಿಡಿದು ಗದ್ವಾಲಕ್ಕೆ ಹೋದ.

ಹೋಟೆಲಿನ ಕಟ್ಟೆಯ ಮೇಲೆ ಮಷೀನು ಇರಲಿಲ್ಲ. ಅದಿದ್ದ ಜಾಗದಲ್ಲಿ ಎದೆಮಟ್ಟದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಕೂತಿತ್ತು. ಮುಂದೆ ಮೂರು ಬಟನು. ಗಲ್ಲಾದಲ್ಲಿದ್ದ ಸೇಟು ತಿರುಗಿ ಒಂದನ್ನು ಒತ್ತಿದ. ಕಾಗದದ ಕಪ್ಪಿಗೆ ನೊರೆನೊರೆಯಾಗಿ ಏನೋ ಬಿತ್ತು.

"ಬಾರಪ್ಪ. ನಿನಗ ಹೇಳಬೇಕಂತ ಮಾಡಿದ್ದೆ," ಎಂದ ಸೇಟು. "ನೀನೇ ಅಂದೆಲ್ಲ, ಈ ನೀರಿಗೆ ಅದು ನಡಿಯಂಗಿಲ್ಲ ಅಂತ. ತಿಂಗಳಿಗೊಮ್ಮೆ ಯಾರು ಒದ್ದಾಡ್ತಾರ? ಹೈದರಾಬಾದಿನವ್ರು ವರ್ಷದಿಂದ ಕೇಳಾಕ ಹತ್ತಿದ್ರು, ಕೊಟ್ಟುಬಿಟ್ಟೆ. ದೊಡ್ಡ ಹೋಟೆಲಂತ. ಓಡಸಂಗಿಲ್ಲಂತ, ಬಾಗಿಲ ಮುಂದ ಚಂದ ಕಾಣ್ಲಿ ಅಂತ ಇಡ್ತಾರಂತ. ನಿನ್ನ ಪಂಪು ಅವರಿಗೆ ಬ್ಯಾಡಂತ, ಬಿಚ್ಚಿಸಿ ಇಟ್ಟೇನಿ."

ಗಲ್ಲಾದ ಕೆಳಗಿಂದ ಒಂದು ರಟ್ಟಿನ ಡಬ್ಬಿ ತೆಗೆದು ಮುಂದೆ ಇಟ್ಟ. ಸರ್ಕ್ಯೂಟು, ಪಂಪು, ಹಿತ್ತಾಳೆಯ ವಾಲ್ವು, ಎರಡು ಸರಳು.

ಭೀಮಶಂಕರ್ ಒಳಗಡೆ ಇಣುಕಿದ. "ರಜಿತಾ?"

"ಬಟನ್ ಒತ್ತಾಕ ನಾನ ಸಾಕಲ್ಲಪ್ಪ. ಗ್ಲಾಸಂತೂ ಇಲ್ಲ ಈಗ, ಎಲ್ಲಾ ಕಾಗದದ್ದು. ಪಾಪ, ಅಳ್ಕೊಂತ ಹೋದ್ಳು."

ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಟಿಕ್ಯಾಲದ ಬಸ್ಸಿನಲ್ಲಿ ಕೂತ. ಏನು ಹೇಳುವುದು? ಸೇಟು ಮನಸ್ಸು ಬದಲಿಸಿದ ಎಂದರೆ ಮುಗಿಯುತ್ತಿತ್ತು. ಬಸ್ಸಿನಿಂದ ಇಳಿಯುವವರೆಗೂ ಅದನ್ನೇ ಹೇಳಬೇಕೆಂದುಕೊಂಡಿದ್ದ. ಆದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಬಾಗಿಲಲ್ಲೇ ಕೂತಿದ್ದ ಸಾಯಣ್ಣ ಹೆಜ್ಜೆ ಸಪ್ಪಳಕ್ಕೇ "ಭೀಮಾ?" ಎಂದು ಕತ್ತೆತ್ತಿದಾಗ ಸುಳ್ಳು ಬಾಯಿಗೆ ಬರಲಿಲ್ಲ. ಒಂದೂ ಬಿಡದೆ ಹೇಳಿದ. ತಂತಿ ಎಳೆದದ್ದು, ಸೇಟಿಗೆ ಸುಳ್ಳು ಹೇಳಿದ್ದು, ಮಷೀನು ಹೋದದ್ದು.

ಒಳಗೆ ಹಿಟ್ಟು ನಾದುತ್ತಿದ್ದ ಪೆಂಟಮ್ಮನ ಕೈ ನಿಂತಿತು.

ಬೈದರೆ ಸಾಕೆಂದು ಭೀಮಶಂಕರ್ ಕಾಯುತ್ತಿದ್ದ. ಸಾಯಣ್ಣ ಕೇಳಿದ, "ರಜಿತಾ ಏನಾದ್ಳು?"

"ಸೇಟು ಬಿಡಿಸ್ಯಾನ ಮಾಮ."

"ಮಗಳ್ನ ಹತ್ತನೇ ಕ್ಲಾಸು ಪಾಸ್ ಮಾಡಸ್ತೀನಿ ಅಂತಿದ್ಳು," ಎಂದ ಸಾಯಣ್ಣ. "ಹಾಲು ಕಾಸೂದು ನಾನ ಕಲಿಸಿದ್ದೆ. ಸೇಟು ನನ್ನ ಬಿಡಿಸಿದ ದಿನ ಬಸ್‌ಸ್ಟ್ಯಾಂಡ್ ತನಕ ನನ್ನ ಕೈ ಹಿಡಕೊಂಡು ಬಂದಾಕಿ ಆಕಿನ. ಹೋಗಿ ನೋಡ್ಕೊಂಡು ಬಾ."

ಮರುದಿನ ಬೆಳಗ್ಗೆ ಭೀಮಶಂಕರ್ ವಡ್ಡೆಪಲ್ಲಿಗೆ ಹೋದ. ಮಕ್ತಲ್‌ನ ತನ್ನ ಅಂಗಡಿಯಲ್ಲೇ ಅವಳಿಗೆ ತಂತಿ ಸುತ್ತುವ ಕೆಲಸ ಕೊಡಬಹುದು, ಸರಳು ಸರ್ಕ್ಯೂಟು ಎಲ್ಲ ಒಮ್ಮೆ ಹೇಳಿದರೆ ಹಿಡಿಯುವ ಹೆಂಗಸು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಕೇಳಿ ಕೇಳಿ ಮನೆ ಹುಡುಕಿದರೆ ಬಾಗಿಲಿಗೆ ಬೀಗ. ಎದುರು ಮನೆಯ ಮುದುಕಿ ಕುರುಮಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಮೊನ್ನೆ ಹೋದ್ರಪ್ಪ, ಪುಣೆ ಕಡಿ. ಮೇಸ್ತ್ರಿ ಲಾರಿ ತಂದಿದ್ದ, ಬಿಲ್ಡಿಂಗ್ ಕೆಲಸಕ್ಕ."

"ಹುಡುಗಿ?"

"ಆಕಿನ್ನ ಇಲ್ಲೊಬ್ಬಾಕಿನ್ನ ಹೆಂಗ ಬಿಡ್ತಾಳ? ಸಾಲಿ ಬಿಡಿಸಿ ಕರಕೊಂಡು ಹೋದ್ಳು. ಹುಡುಗಿ ಬರಂಗಿಲ್ಲ ಅಂತ ಈ ಕಂಬ ಹಿಡಕೊಂಡಿತ್ತು, ಬೆರಳು ಬಿಡಿಸಿ ಲಾರಿ ಹತ್ತಿಸಿದ್ರು."

ರಜಿತಾಳ ನಂಬರಿಗೆ ಫೋನು ಹಚ್ಚಿದ. ಬಂದ್ ಇತ್ತು. ಬಸ್ಸು ಬರುವವರೆಗೆ ನಾಲ್ಕು ಸಲ ಹಚ್ಚಿದ. ಮೇಸ್ತ್ರಿಯ ಹೆಸರು ಕುರುಮಮ್ಮನಿಗೆ ಗೊತ್ತಿರಲಿಲ್ಲ. ಪುಣೆಯಲ್ಲಿ ಎಲ್ಲಿ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾಮ ಕಳಿಸಿದ್ದರಿಂದ ತಿರುಗಿ ಹೋಗಿ ಹೇಳಲೇಬೇಕಿತ್ತು. ಹೇಳಿದ. ಸಾಯಣ್ಣ ಅಂಗಿ ಕಳಚಿ ಬರೀ ಬನಿಯನ್ನಿನಲ್ಲಿ ಹೊರಸಿನ ಮೇಲೆ ಮಲಗಿದ್ದ. ಕೇಳಿಸಿಕೊಂಡ. ಹುಡುಗಿ ಕಂಬ ಹಿಡಿದುಕೊಂಡಿದ್ದನ್ನು ಕೇಳಿ ಹೊರಸಿನ ಅಂಚು ಹಿಡಿದುಕೊಂಡ.

"ನೀ ಕೆಟ್ಟವನಲ್ಲ ಭೀಮಾ," ಎಂದ. "ಅದು ನನಗ ಗೊತ್ತೈತಿ. ಆದರ ಇನ್ನ ಮ್ಯಾಲ ನನಗಂತ ಏನೂ ಮಾಡಬ್ಯಾಡಪ್ಪ."

ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿದ. ಪೆಂಟಮ್ಮ ತಟ್ಟೆಗೆ ರೊಟ್ಟಿ ಹಾಕಿ ತಮ್ಮನ ಮುಂದೆ ಇಟ್ಟಳು. ಉಣ್ಣು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಭೀಮಶಂಕರ್ ಒಂದು ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡು, ಮಾಮ ಈ ಕಡೆ ತಿರುಗಿಯಾನೆಂದು ಕೂತೇ ಇದ್ದ. ಕೊನೆಯ ಬಸ್ಸಿನ ಹಾರ್ನು ಕೇಳಿತು. ಸಾಯಣ್ಣ ತಿರುಗಲಿಲ್ಲ.